ಸೋತ ವಾಕ್ಯ

ನಮ್ಮ ಊರಿನಲ್ಲಿ ಚರ್ಚಾಸ್ಪರ್ಧೆಯ ಫಲಿತಾಂಶದ ಬಗ್ಗೆ ಯಾರೂ ತಕರಾರು ಎತ್ತಿದ್ದಿಲ್ಲ. ಬೇರೆ ಕಡೆ ತೀರ್ಪುಗಾರರಿರುತ್ತಾರಂತೆ, ಅಂಕ ಹಾಕುತ್ತಾರಂತೆ, ಸೋತವರು ಮುಖ ಊದಿಸಿಕೊಂಡು ಹೋಗುತ್ತಾರಂತೆ. ನಮ್ಮಲ್ಲಿ ವಾದ ಮುಗಿದ ಮೇಲೆ ಓದುವವನು ವೇದಿಕೆಗೆ ಬಂದು, ತಾಳೆಗರಿಯ ಬೀಸಣಿಗೆಯನ್ನು ಬಾಯಿಗೆ ಅಡ್ಡ ಹಿಡಿದು, ಪರದ ವಾಕ್ಯವನ್ನೊಮ್ಮೆ, ವಿರೋಧದ ವಾಕ್ಯವನ್ನೊಮ್ಮೆ ಓದುತ್ತಾನೆ. ಕೇಳಿಸಿದವರು ಕೈ ಎತ್ತುತ್ತಾರೆ. ಒಂದು ಮಾತನ್ನು ಮನಸಾರೆ ಒಪ್ಪಿದವರಿಗೆ ಅದರ ಎದುರು ಮಾತು ಆಮೇಲೆ ಕಿವಿಗೇ ಬೀಳುವುದಿಲ್ಲ. ಹಾಗಾಗಿ ಯಾವ ವಾಕ್ಯಕ್ಕೆ ಕಡಿಮೆ ಕೈ ಏಳುತ್ತದೋ ಅದು ಸೋತಂತೆ. ತುಟಿ ನೋಡಿ ಕೈ ಎತ್ತುವ ಚಾಲಾಕಿಗಳೂ ಇರುತ್ತಾರೆ, ಬೀಸಣಿಗೆ ಅದಕ್ಕೆ. ನಡುವೆ ಒಮ್ಮೆ ಬೀಸಣಿಗೆಯನ್ನು ಅಡ್ಡ ಹಿಡಿದು ಏನೂ ಓದದೆ ಸುಮ್ಮನೆ ನಿಲ್ಲುವುದೂ ಉಂಟು. ಆಗ ಕೈ ಎತ್ತಿದವನನ್ನು ಮೆಲ್ಲಗೆ ಹೊರಗೆ ಕರೆದುಕೊಂಡು ಹೋಗುತ್ತಾರೆ. ಈ ಸುಮ್ಮನೆ ನಿಲ್ಲುವ ಪಟ್ಟು ಸಭೆಗೆ ಬಂದು ಕೂತು ಅಭ್ಯಾಸವಿದ್ದವರಿಗೆ ಮಾತ್ರ ಗೊತ್ತು.

ಆ ಓದುವವನು ನಾನು. ಯಾವ ಮಾತೂ ನನ್ನನ್ನು ಪೂರ್ತಿ ಒಪ್ಪಿಸಿರಲಿಲ್ಲ ಎಂಬ ಒಂದೇ ಕಾರಣಕ್ಕೆ ವಿಶ್ವವಿದ್ಯಾಲಯದವರು ನನಗೆ ಆ ಕೆಲಸ ಕೊಟ್ಟರು. ಒಂದು ಕಡೆಗೆ ಒಪ್ಪಿಬಿಟ್ಟವನಿಗೆ ಎದುರು ವಾಕ್ಯ ಓದಲು ಕೊಟ್ಟರೆ, ತನ್ನ ದನಿ ತನಗೇ ಕೇಳಿಸದೆ ತೊದಲುತ್ತಾನೆ. ನನಗೆ ಹಾಗಾಗುತ್ತಿರಲಿಲ್ಲ. ದೇವರಿದ್ದಾನೆ ಎಂದರೂ ಕೇಳಿಸುತ್ತಿತ್ತು, ಇಲ್ಲ ಎಂದರೂ ಕೇಳಿಸುತ್ತಿತ್ತು. ಬೀದಿಯವರು ನನ್ನನ್ನು ಎರಡ್ಕಿವಿ ಸೋಮು ಎಂದು ಕರೆಯುತ್ತಿದ್ದರು. "ಇವನಿಗೆ ಹೆಣ್ಣು ಹುಡುಕೋದು ಹೇಗೆ ಹೇಳಿ, ಇವನಿಗೆ ಬೇಕು ಅನ್ನೋದೂ ಒಂದೇ ಬೇಡ ಅನ್ನೋದೂ ಒಂದೇ" ಎಂದು ಅಮ್ಮ ಪಕ್ಕದ ಮನೆಯ ಜೈನಾಬಿಯ ಮುಂದೆ ಹೇಳಿಕೊಂಡು ನಗುತ್ತಿದ್ದಳು.

ಊರಿನವರು ಹುಷಾರಾಗಿ ಬದುಕುವುದನ್ನು ಕಲಿತಿದ್ದರು. ಮನೆಯೊಳಗೆ 'ಯಾಕಂದ್ರೆ' ಎಂದು ಬಾಯಿ ತೆರೆಯುವುದು ಹೊತ್ತು ಮುಳುಗಿದ ಮೇಲೆ ಕಸ ಗುಡಿಸಿದಷ್ಟೇ ಅಶುಭ. ಗಂಡ ಹೆಂಡಿರ ಜಗಳ ಯಾರಾದರೊಬ್ಬರು ಗೆಲ್ಲುವ ಹಂತಕ್ಕೆ ಬಂದರೆ, ಗೆಲ್ಲಲಿದ್ದವರೇ ಕೆಮ್ಮಿ ಎದ್ದು ಹೊರಗೆ ಹೋಗುತ್ತಿದ್ದರು. ಬಟ್ಟೆ ಅಂಗಡಿಯವನು ಸೀರೆಯನ್ನು ಬಿಡಿಸಿ ತೋರಿಸುತ್ತಿದ್ದನೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಎದುರು ಮನೆಯ ತಾತ ತನ್ನ ತಮ್ಮ ಮೋಸಗಾರ ಎಂದು ಪ್ರಾಯದಲ್ಲೇ ಒಪ್ಪಿಬಿಟ್ಟಿದ್ದ. ಆ ತಮ್ಮ ಪ್ರತಿ ಯುಗಾದಿಗೂ ಬಂದು ಬಾಗಿಲಲ್ಲಿ ನಿಂತು ಏನೇನೋ ಹೇಳುತ್ತಿದ್ದ. ತಾತನಿಗೆ ಬರೀ ಬಾಯಿ ಆಡುವುದು ಕಾಣುತ್ತಿತ್ತು. "ಪಾಪ, ಅವನಿಗೆ ಹಲ್ಲು ನೋವೇನೋ" ಎನ್ನುತ್ತಿದ್ದ.

ಚರ್ಚೆಯ ದಿನಗಳಲ್ಲಿ ಸಭೆಗೆ ಹೋಗದವರು ಜೇನುಮೇಣದಲ್ಲಿ ಅದ್ದಿದ ಅರಳೆಯನ್ನು ಕಿವಿಗೆ ತುರುಕಿಕೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದರು. ಮಾತಾಡುವವರ ಮನೆಯವರಿಗೆ ಸಭೆಯಲ್ಲೇ ಗೋಡೆಯ ಪಕ್ಕ ಒಂದು ಬೆಂಚು ಹಾಕಿರುತ್ತಿದ್ದರು. ಅವರೂ ಮೇಣ ಇಟ್ಟುಕೊಂಡೇ ಕೂರಬೇಕು. ತಮ್ಮ ಮಕ್ಕಳು ಮಾತಾಡುವುದನ್ನು ಅವರು ನೋಡಬಹುದು, ಕೇಳುವಂತಿಲ್ಲ. ನನ್ನ ತಂಗಿ ಮಂದಾಕಿನಿ ಕಾಲೇಜಿಗೆ ಕಾಲಿಟ್ಟ ವರ್ಷದಿಂದ ಅಮ್ಮ ಆ ಬೆಂಚಿನ ಮೇಲೆ ಕೂತು ಮಗಳ ಕೈ ಬಾಯಿ ಆಡುವುದನ್ನು ನೋಡಿ ಬರುತ್ತಿದ್ದಳು. ಮನೆಗೆ ಬಂದ ಮೇಲೆ "ಇವತ್ತು ಬಲಗೈ ಜಾಸ್ತಿ ಬೀಸ್ದೆ ಕಣೆ" ಎಂದಷ್ಟೇ ಹೇಳುತ್ತಿದ್ದಳು.

ಗಿರಿಯಣ್ಣ ಹೋದದ್ದು ಅದಕ್ಕೂ ಮುಂಚೆ. ಸೇತುವೆಯ ಮೇಲೆ ವಿದ್ಯಾರ್ಥಿಗಳು ಧರಣಿ ಕೂತಿದ್ದ ದಿನ ಬೂದು ಬಣ್ಣದ ವ್ಯಾನುಗಳು ಬಂದು ಎರಡೂ ತುದಿಯಲ್ಲಿ ನಿಂತವು. ಕೂತಿದ್ದವರನ್ನೂ ಹತ್ತಿಸಿಕೊಂಡರು, ದಾಟುತ್ತಿದ್ದವರನ್ನೂ ಹತ್ತಿಸಿಕೊಂಡರು. ನನ್ನ ಅಣ್ಣ ಗಿರಿಧರ ಕೂತಿದ್ದವನು. ಜೈನಾಬಿಯ ಗಂಡ ಸೈಕಲ್ ರಿಪೇರಿಯ ಖಾಸಿಂ ಒಂದು ಚಕ್ರ ಹಿಡಿದುಕೊಂಡು ದಾಟುತ್ತಿದ್ದವನು. ವ್ಯಾನುಗಳು ಎಲ್ಲಿಗೆ ಹೋದವೆಂದು ಸರ್ಕಾರಿ ಕಚೇರಿಯಲ್ಲಿ ಕೇಳಿದರೆ ಯಾವ ವ್ಯಾನು ಎಂದು ಕೇಳಿದರು. ಊರು ಅವರನ್ನೆಲ್ಲ ಸೇತುವೆಯವರು ಎಂದು ಕರೆಯತೊಡಗಿತು. ಸೇತುವೆಯವರ ಮನೆಗಳಲ್ಲಿ ತಾನಾಗಿಯೇ ಒಂದು ಪದ್ಧತಿ ಹುಟ್ಟಿಕೊಂಡಿತು. ದೀಪ ಹಚ್ಚುವ ಹೊತ್ತಿಗೆ ಅಕ್ಕಪಕ್ಕದವರು ಹೊಸ್ತಿಲ ಬಳಿ ನಿಂತು "ಬರ್ತಾರೆ" ಎನ್ನುವರು. ಒಳಗಿನವರು "ಬರ್ಲಿ" ಎನ್ನುವರು. ಅಷ್ಟೇ, ಯಾರೂ ಕೂರುವುದಿಲ್ಲ, ನೀರು ಕೇಳುವುದಿಲ್ಲ. ಜೈನಾಬಿ ನಮ್ಮ ಹೊಸ್ತಿಲಿಗೆ ಬಂದು ಹೇಳಿ ಹೋದ ಮೇಲೆ ಅಮ್ಮ ಅವರ ಹೊಸ್ತಿಲಿಗೆ ಹೋಗಿ ಹೇಳಿ ಬರುತ್ತಿದ್ದಳು. ವಾಪಸು ಬಂದವಳೇ ಬಚ್ಚಲೊಲೆಗೆ ಸೌದೆ ತುಂಬಿ, ಊದುಗೊಳವೆ ಹಿಡಿದು ಕೂರುತ್ತಿದ್ದಳು. ಗಿರಿಯಣ್ಣ ಯಾವ ಹೊತ್ತಿಗೆ ಬಂದರೂ ಅವನಿಗೆ ಮೊದಲು ಬೇಕಾದದ್ದು ಊಟವಲ್ಲ, ಸ್ನಾನ ಎಂದು ಅವಳ ಲೆಕ್ಕ. "ಎಂಥೆಂಥ ಕಡೆ ಮಲಗಿಸಿರ್ತಾರೋ ಏನೋ" ಎನ್ನುತ್ತಿದ್ದಳು. ಬೆಳಗಾದರೆ ಹಂಡೆಯ ನೀರು ತಣ್ಣಗಾಗಿರುತ್ತಿತ್ತು. ಅದನ್ನು ಪಾತ್ರೆ ತೊಳೆಯಲು ಬಳಸುತ್ತಿದ್ದಳು. ಬರುತ್ತಾನೆ ಎಂದರೂ ಬರಲ್ಲ ಎಂದರೂ ಅಮ್ಮನಿಗೆ ಕೇಳಿಸುತ್ತಿತ್ತು. ಎರಡನ್ನೂ ಕೇಳಿಸಿಕೊಂಡೇ ಒಲೆ ಹಚ್ಚುತ್ತಿದ್ದಳು.

ಆ ವರ್ಷ ಅಂತರರಾಷ್ಟ್ರೀಯ ವಿಶ್ವವಿದ್ಯಾಲಯಗಳ ಚರ್ಚಾಸ್ಪರ್ಧೆ ನಮ್ಮ ಊರಿಗೆ ಬಂತು. ಹೊರದೇಶದವರಿಗೆ ನಮ್ಮ ಊರಿನಲ್ಲಿ ಏನೂ ಆಗುವುದಿಲ್ಲ, ಅವರಿಗೆ ಎಲ್ಲವೂ ಕೇಳಿಸುತ್ತದೆ. ಆದರೂ ಇಲ್ಲಿ ಗೆದ್ದದ್ದೇ ಗೆಲುವು ಎಂದು ನಮ್ಮ ನುಡಿಯನ್ನು ವರ್ಷಗಟ್ಟಲೆ ಕಲಿತು ಬಂದಿದ್ದರು. ಹಳೇ ಪುಸ್ತಕಗಳಿಂದ ಕಲಿತದ್ದಾದ್ದರಿಂದ ಹೋಟೆಲಿನಲ್ಲಿ ನಿಂತು "ನನಗೊಂದು ದೋಸೆಯನ್ನು ದಯಪಾಲಿಸುವಿರಾ" ಎನ್ನುತ್ತಿದ್ದರು. ಮಾಣಿಗಳು ಒಳಗೆ ಹೋಗಿ ನಕ್ಕು ಬರುತ್ತಿದ್ದರು. ಸುತ್ತಿನ ಮೇಲೆ ಸುತ್ತು ಗೆದ್ದು ಮಂದಾ ಕೊನೆಯ ಸುತ್ತಿಗೆ ಬಂದಳು. ನಮ್ಮ ಊರಿನವರು ಅಷ್ಟು ದೂರ ಬಂದದ್ದು ಅದೇ ಮೊದಲು. ಸಭಾಂಗಣದಲ್ಲಿ ಜಾಗ ಸಾಲದೆ ಬೀದಿಯ ಕಂಬಗಳಿಗೆಲ್ಲ ಧ್ವನಿವರ್ಧಕ ಕಟ್ಟಿಸಿದರು. ಆ ಬೆಳಿಗ್ಗೆ ಅಮ್ಮ ಹಸಿರು ಅಂಚಿನ ಸೀರೆ ಉಟ್ಟಳು.

ವಿಷಯವನ್ನು ಆ ಕ್ಷಣದಲ್ಲೇ ಪೆಟ್ಟಿಗೆಯಿಂದ ಎತ್ತುವುದು ವಾಡಿಕೆ. ಪೆಟ್ಟಿಗೆಗೆ ಯಾರು ಬೇಕಾದರೂ ಚೀಟಿ ಹಾಕಬಹುದು. ರಿಜಿಸ್ಟ್ರಾರರು ಚೀಟಿ ಬಿಡಿಸಿ ಓದಿದರು: ಕಾಣೆಯಾದವರನ್ನು ತೀರಿಹೋದವರೆಂದು ತಿಳಿಯತಕ್ಕದ್ದು. ಆಮೇಲೆ ಪಕ್ಷ ಹಂಚಲು ಮುಚ್ಚಿದ ಮುಷ್ಟಿ ಚಾಚಿದರು. ಉದ್ದಿನ ಕಾಳು ಬಂದರೆ ಪರ, ಅಕ್ಕಿಕಾಳು ಬಂದರೆ ವಿರೋಧ. ಎದುರಾಳಿ ಹಿಮದ ದೇಶದ ಒಬ್ಬ ಎತ್ತರದ ಹುಡುಗಿ, ಅವಳಿಗೆ ಅಕ್ಕಿಕಾಳು ಬಂತು. ಮಂದಾ ಉದ್ದಿನ ಕಾಳನ್ನು ಅಂಗೈಯಲ್ಲಿಟ್ಟುಕೊಂಡು ಪರದೆಯ ಹಿಂದೆ ನನ್ನ ಹತ್ತಿರ ಬಂದಳು. ನಾನು ಓದುವವನಾದ್ದರಿಂದ ವಾದ ನಡೆಯುವಾಗ ನಾನೂ ಕಿವಿ ಮುಚ್ಚಿಕೊಳ್ಳಬೇಕು. ಮೇಣವನ್ನು ಬೆರಳಲ್ಲಿ ಮೆತ್ತಗೆ ಮಾಡುತ್ತಾ ನಿಂತಿದ್ದೆ.

"ಅಣ್ಣ, ಅಮ್ಮ ಹಾಕ್ಕೊಂಡಿದಾಳಾ?" ಎಂದಳು.

ಪರದೆ ಸರಿಸಿ ನೋಡಿದೆ. ಬೆಂಚಿನ ಮೇಲೆ ಅಮ್ಮ ನೆಟ್ಟಗೆ ಕೂತಿದ್ದಳು. ಎರಡೂ ಕಿವಿಯಲ್ಲಿ ಬೆಳ್ಳಗೆ ಅರಳೆ ಕಾಣುತ್ತಿತ್ತು.

"ಇಲ್ಲಿಂದಲೇ ಕಾಣಿಸ್ತಿದೆ ನೋಡು."

"ಜೈನಾಬಕ್ಕ?"

"ಬಾಗ್ಲು ಹಾಕ್ಕೊಂಡು ಮೇಣ ತುರುಕ್ಕೊಂಡು ಕೂತಿದಾರೆ. ನಾನೇ ನೋಡಿ ಬಂದೆ."

ಮಂದಾ ಕಾಳನ್ನು ಬಾಯಿಗೆ ಹಾಕಿಕೊಂಡು ಕಡಿದಳು. "ಹಾಗಾದ್ರೆ ನಾನು ಬಿಡಲ್ಲ" ಎಂದಳು. ನಾನೂ ಬಿಡಬೇಡ ಎಂದೆ. ಎಷ್ಟೋ ವರ್ಷ ಆ ವೇದಿಕೆಯ ಕನಸು ಕಂಡವಳು. ಕಾಳು ಯಾವುದು ಬಂದರೂ ಅದರ ಪರ ಮಾತಾಡುವುದೇ ಅವಳ ವಿದ್ಯೆ. ಆಡಿದ್ದು ಮನೆಯವರ ಕಿವಿಗೆ ಬೀಳದ ಮೇಲೆ ಅದರಿಂದ ಮನೆಗೇನು ಕೆಡುಕು ಎಂದು ಇಬ್ಬರೂ ಅಂದುಕೊಂಡೆವು.

ನನ್ನ ತಂಗಿಯ ಆ ಭಾಷಣವನ್ನು ನಾನು ಕೇಳಲಿಲ್ಲ. ಊರಿನಲ್ಲಿ ಅದನ್ನು ಕೇಳದವರು ಬೆರಳೆಣಿಕೆಯಷ್ಟು ಜನ, ಅವರಲ್ಲಿ ನಾನೊಬ್ಬ. ಪರದೆಯ ಸಂದಿಯಿಂದ ನೋಡಿದೆ. ಮೊದಲು ಹಿಮದ ದೇಶದ ಹುಡುಗಿ ಎದೆಯ ಮೇಲೆ ಕೈಯಿಟ್ಟುಕೊಂಡು ಮಾತಾಡಿದಳು, ಮುಂದಿನ ಸಾಲಿನವರು ಕಣ್ಣೊರೆಸಿಕೊಂಡರು. ಆಮೇಲೆ ಮಂದಾ. ಅವಳು ಹೆಚ್ಚು ಕೈ ಬೀಸಲಿಲ್ಲ. ತುಂಬ ನಿಧಾನವಾಗಿ, ಯಾರೋ ಒಬ್ಬರಿಗೆ ಮಾತ್ರ ಹೇಳುವ ಹಾಗೆ ಹೇಳುತ್ತಿದ್ದಳು. ನಡುವೆ ಒಮ್ಮೆ ಬಗ್ಗಿ, ಎರಡು ಕೈಯಲ್ಲಿ ಏನನ್ನೋ ಹಿಡಿದು ಊದುವ ಹಾಗೆ ಮಾಡಿದಳು. ಅದು ಊದುಗೊಳವೆ ಎಂದು ನನಗೆ ಗೊತ್ತಾಯಿತು. ನಮ್ಮ ಮನೆಯ ಬಚ್ಚಲನ್ನೇ ಅವಳು ವೇದಿಕೆಗೆ ತಂದಿದ್ದಳು. ಯಾರೂ ಮಗ್ಗುಲು ಬದಲಿಸಲಿಲ್ಲ.

ಮೇಣ ತೆಗೆದು ವೇದಿಕೆಗೆ ಹೋದೆ. ಬೀಸಣಿಗೆ ಎತ್ತಿ ಪರದ ವಾಕ್ಯ ಓದಿದೆ: ಕಾಣೆಯಾದವರು ತೀರಿಹೋದರು. ಕಬ್ಬಿನ ಗದ್ದೆಯಂತೆ ಕೈಗಳು ಎದ್ದವು. ಗೋಡೆಯ ಪಕ್ಕ ಅಮ್ಮನ ಕೈಯೂ ಸ್ವಲ್ಪ ಮೇಲೆದ್ದಿತು. ಸೆರಗು ಸರಿಮಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಆಮೇಲೆ ಬೀಸಣಿಗೆ ಹಿಡಿದು ಸುಮ್ಮನೆ ನಿಂತೆ, ಒಂದು ಕೈಯೂ ಏಳಲಿಲ್ಲ. ಕೊನೆಗೆ ವಿರೋಧದ ವಾಕ್ಯ ಓದಿದೆ: ಕಾಣೆಯಾದವರು ಬರುತ್ತಾರೆ. ದನಿ ಒಡೆಯದ ಹಾಗೆ, ಗೋಡೆಗೆ ತಾಗಿ ವಾಪಸು ಬರುವಷ್ಟು ಜೋರಾಗಿ ಓದಿದೆ. ಸಭೆ ಮೊದಲಿನ ಹಾಗೇ, ನಾನು ಬಾಯಿ ತೆರೆಯುವುದನ್ನು ಕಾಯುವ ಮುಖದಲ್ಲಿ ಕೂತಿತ್ತು. ಹಿಂದಿನ ಸಾಲಿನ ಹೊರದೇಶದವರು ಮಾತ್ರ ತಲೆಯೆತ್ತಿ ನೋಡಿದರು. ಅವರ ಕೈ ಲೆಕ್ಕಕ್ಕಿಲ್ಲ. ಇನ್ನೊಮ್ಮೆ ಓದಿದೆ. ಇನ್ನೊಮ್ಮೆ ಓದುವುದು ನಿಯಮದಲ್ಲಿಲ್ಲ.

ಫಲಿತಾಂಶ ಘೋಷಿಸಿದರು. ನಮ್ಮ ವಿಶ್ವವಿದ್ಯಾಲಯ ಪ್ರಪಂಚಕ್ಕೇ ಮೊದಲು. ಬ್ಯಾಂಡು ಬಾರಿಸಿದರು, ಮಂದಾಳ ಕೊರಳಿಗೆ ಸೇವಂತಿಗೆ ಹಾರ ಬಿತ್ತು, ತೂಕದ ಬೆಳ್ಳಿ ಬಟ್ಟಲು ಕೊಟ್ಟರು. ಯಾವ ವ್ಯಾನು ಎಂದು ಕೇಳಿದ್ದ ಆ ಕಚೇರಿಯ ಸೂಪರಿಂಟೆಂಡೆಂಟ್ ನಂಜರಾಜ್ ವೇದಿಕೆ ಹತ್ತಿ ಬಂದು ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. "ಊರಿನ ಮನಸ್ಸು ಹಗುರ ಮಾಡಿದ್ರಿ ತಾಯಿ" ಎಂದರು. ಸೋತ ಹುಡುಗಿ ಬಂದು ಮಂದಾಳನ್ನು ಅಪ್ಪಿಕೊಂಡು ಅತ್ತಳು. ತನ್ನ ಕಡೆಯದೇ ಸತ್ಯವೆಂದು ತನಗೆ ಈಗಲೂ ತೋರುತ್ತಿದೆಯೆಂದು ಪುಸ್ತಕದ ಮಾತಿನಲ್ಲಿ ಹೇಳಿದಳು. ಮಂದಾ ಅವಳ ತುಟಿಯನ್ನೇ ನೋಡುತ್ತಾ ತಲೆಯಾಡಿಸಿದಳು.

ಮನೆಗೆ ಬರುವ ಹೊತ್ತಿಗೆ ದೀಪ ಹಚ್ಚುವ ಸಮಯವಾಗಿತ್ತು. ಬಟ್ಟಲನ್ನು ದೇವರ ಗೂಡಿನಲ್ಲಿಟ್ಟು ಅಮ್ಮ ಮೊರ ಹಿಡಿದು ಅಕ್ಕಿ ಆರಿಸುತ್ತಾ ಕೂತಳು. ಜೈನಾಬಿ ಹೊಸ್ತಿಲಿಗೆ ಬಂದರು. ಕಿವಿಯಲ್ಲಿ ಮೇಣದ ಚೂರು ಇನ್ನೂ ಅಂಟಿಕೊಂಡಿತ್ತು. "ಬರ್ತಾರೆ" ಎಂದರು.

ಅಮ್ಮ ಅಕ್ಕಿಯಿಂದ ಒಂದು ಕಲ್ಲು ಹೆಕ್ಕಿ ಬಿಸಾಡಿದಳು.

ಜೈನಾಬಿ ಮತ್ತೆ ಹೇಳಿದರು. ಅಮ್ಮ ತಲೆಯೆತ್ತಿ ಅವರನ್ನು ನೋಡಿದವಳೇ, "ಅಯ್ಯೋ, ಯಾವಾಗ ಬಂದ್ರಿ? ಒಳಗೆ ಬನ್ನಿ, ಮಗಳು ಗೆದ್ದು ಬಂದಿದಾಳೆ, ಬಾಯಿ ಸಿಹಿ ಮಾಡ್ಕೊಂಡು ಹೋಗಿ" ಎಂದಳು. ಜೈನಾಬಿ ನನ್ನ ಮುಖ ನೋಡಿದರು. ನಾನು "ಬರ್ಲಿ" ಎಂದೆ. ಅವರು ಒಳಗೆ ಬರಲಿಲ್ಲ. ಅವತ್ತು ಅಮ್ಮ ಅವರ ಹೊಸ್ತಿಲಿಗೆ ಹೋಗಲಿಲ್ಲ. ಬಚ್ಚಲೊಲೆಯಲ್ಲಿ ಹಿಂದಿನ ದಿನದ ಬೂದಿ ಹಾಗೇ ಇತ್ತು.

"ಅಮ್ಮ, ಮೇಣ?" ಎಂದು ಮಂದಾ ಕೇಳಿದಳು. ಹಾರವನ್ನು ಇನ್ನೂ ತೆಗೆದಿರಲಿಲ್ಲ.

ಅಮ್ಮ ನಾಚಿಕೊಂಡಳು. ಸೊಂಟದ ಎಲೆಯಡಿಕೆ ಚೀಲದಿಂದ ಎರಡು ಉಂಡೆ ಅರಳೆ ತೆಗೆದು ತೋರಿಸಿದಳು. ಬರೀ ಅರಳೆ, ಮೇಣವಿಲ್ಲದ್ದು. "ಪ್ರಪಂಚದೋರೆಲ್ಲ ನಿನ್ನ ದನಿ ಕೇಳಿದಾರೆ, ಹೆತ್ತೋಳು ನಾನೊಬ್ಳು ಕೇಳಿಲ್ಲ. ಇದೊಂದ್ಸಲ ಅಂದ್ಕೊಂಡೆ. ವಿಷಯ ಏನು ಬರುತ್ತೋ ಯಾರಿಗೆ ಗೊತ್ತು, ಮರ ಕಡೀಬೇಕೋ ಬೇಡ್ವೋ ಅಂತ ಬಂದ್ರೆ ಬರಲಿ ಅಂದ್ಕೊಂಡೆ." ಆಮೇಲೆ ಮಗಳ ಗದ್ದ ಹಿಡಿದಳು. "ಎಷ್ಟು ಚಂದ ಮಾತಾಡ್ತೀಯೇ. ಬಿಸಿನೀರಿನ ವಿಷ್ಯ ಹೇಳ್ದಾಗ ನಂಗೇ ನಗು ಬಂತು. ಎಷ್ಟು ಸೌದೆ ಸುಟ್ಟೆ ನೋಡು ನಾನು, ಹುಚ್ಚಿ."

ಪ್ರಪಂಚವನ್ನೇ ಗೆದ್ದ ನನ್ನ ತಂಗಿ ಅಲ್ಲೇ ಅಡುಗೆಮನೆಯ ನೆಲದ ಮೇಲೆ ಅಮ್ಮನ ಎದುರು ಕೂತು ವಾದ ಶುರುಮಾಡಿದಳು. ಯಾರೂ ಹೆಣ ನೋಡಿಲ್ಲ ಎಂದಳು. ಪಕ್ಕದ ಜಿಲ್ಲೆಯಲ್ಲಿ ಒಬ್ಬ ಹನ್ನೆರಡು ವರ್ಷದ ಮೇಲೆ ವಾಪಸು ಬಂದ ಎಂದಳು. ದೊಡ್ಡಣ್ಣ ಈಜು ಬಲ್ಲವನು, ಗಟ್ಟಿ ಜೀವ, ಅವನು ಬರುತ್ತಾನೆ, ಬಂದೇ ಬರುತ್ತಾನೆ ಎಂದಳು. ಮನೆಯೊಳಗೆ ಎಂದೂ ಆಡದ 'ಯಾಕಂದ್ರೆ'ಯನ್ನು ಮತ್ತೆ ಮತ್ತೆ ಆಡಿದಳು. ನಡುನಡುವೆ ತೊದಲಿದರೂ ನನಗೆ ಪ್ರತಿಯೊಂದೂ ಕೇಳಿಸಿತು. ಅಷ್ಟು ಬಲವಾದ ವಾದವನ್ನು ನಾನು ಎಲ್ಲೂ ಕೇಳಿಲ್ಲ. ಅಮ್ಮ ಮೊರ ಕೆಳಗಿಟ್ಟು ಮಗಳ ಬಾಯಿಯನ್ನೇ ನೋಡುತ್ತಿದ್ದಳು. ಹೊಸ ಆಟವೇನೋ ಎನ್ನುವ ಹಾಗೆ ನಗುತ್ತಿದ್ದಳು. ನಗು ನಿಧಾನಕ್ಕೆ ಆರಿತು.

"ಅವನ ವಿಷ್ಯ ಏನೋ ಹೇಳ್ತಿದೀಯ ಅಲ್ವೇನೇ?" ಎಂದಳು. "ಬಿಡು ಮಗಳೇ. ಗಂಟಲು ಯಾಕೆ ನೋಯಿಸ್ಕೋತೀಯ." ಮೊರ ಎತ್ತಿಕೊಂಡಳು.

ಮಂದಾ ಎದ್ದು ಹಿತ್ತಿಲಿಗೆ ಹೋದಳು. ನಾನು ಹಿಂದೆ ಹೋದೆ. ಒಗೆಯುವ ಕಲ್ಲಿನ ಮೇಲೆ ಕೂತು ಹಾರದಿಂದ ಒಂದೊಂದೇ ಹೂವು ಕಿತ್ತು ಹಾಕುತ್ತಿದ್ದಳು.

"ಅಣ್ಣ, ನಾನು ಜೋರಾಗೇ ಹೇಳ್ದೆ ತಾನೆ?"

"ಬೀದಿಗೆ ಕೇಳಿಸೋ ಹಾಗೆ ಹೇಳ್ದೆ."

"ಏನೇನು ಹೇಳ್ದೆ?"

ನಾನು ಹೇಳಲು ಬಾಯಿ ತೆರೆದೆ. ಅವಳು ಬೇಡ ಎಂದು ಕೈ ಅಡ್ಡ ಹಿಡಿದಳು. "ನನ್ ದನಿ ನಂಗೇ ಕೇಳಿಸ್ಲಿಲ್ಲ. ನೀನು ಹೇಳಿದ್ರೂ ಕೇಳಿಸಲ್ಲ" ಎಂದಳು.

ಅವಳು ಆ ವಾರವೇ ಹಾಸ್ಟೆಲಿಗೆ ಹೋದಳು. ಮುಂದೆ ಯಾವ ಚರ್ಚೆಯಲ್ಲೂ ನಿಲ್ಲಲಿಲ್ಲ. ಅಮ್ಮ ಮಾತ್ರ ಚೆನ್ನಾದಳು. ಇದನ್ನು ನಾನು ಹೇಳಲೇಬೇಕು. ಹೊತ್ತಿಗೆ ಸರಿಯಾಗಿ ನಿದ್ದೆ ಮಾಡತೊಡಗಿದಳು, ಕೆನ್ನೆ ತುಂಬಿತು. ಬಾಗಿಲು ಸದ್ದಾದರೆ ಬೆಚ್ಚುತ್ತಿರಲಿಲ್ಲ. ಗಿರಿಯಣ್ಣನ ಹೆಸರನ್ನು ಅಳದೆ ಆಡುತ್ತಿದ್ದಳು, ಸಣ್ಣವನಾಗಿದ್ದಾಗ ಅವನು ಹಂಡೆಯೊಳಗೆ ಇಳಿದು ಅವಿತುಕೊಂಡದ್ದನ್ನು ಹೇಳಿ ನಗುತ್ತಿದ್ದಳು. ಒಂದು ದಿನ ಬಡಿಸುತ್ತಾ, ಬರುವ ಅಮಾವಾಸ್ಯೆಗೆ ಹೊಳೆಯ ದಂಡೆಯಲ್ಲಿ ಅವನಿಗೆ ಎಳ್ಳುನೀರು ಬಿಟ್ಟು ಬಾ, ಪುರೋಹಿತರಿಗೆ ಹೇಳಿದ್ದೇನೆ ಎಂದಳು. ಇಷ್ಟು ವರ್ಷ ಮಾಡದೆ ಬಿಟ್ಟದ್ದಕ್ಕೆ ಮಗ ಬಾಯಾರಿರುತ್ತಾನೆ ಎಂದು ಅವಳಿಗೆ ಸಂಕಟ. ಆಗಲಿ ಎನ್ನದೆ ಬೇರೆ ದಾರಿಯಿರಲಿಲ್ಲ. ಬೇಡ ಎಂದು ನಾನು ಏನು ಕಾರಣ ಕೊಟ್ಟರೂ ಅದು ಅವಳ ಕಿವಿಗೆ ಬೀಳುವ ಕಾರಣವಲ್ಲ.

ಕಚೇರಿಯವರು ನನ್ನನ್ನು ಕರೆಸಿದ್ದು ಅಮಾವಾಸ್ಯೆಗೆ ಮುಂಚೆ. ಸೇತುವೆಯವರ ಮನೆಮನೆಗೆ ಹೋಗಿ ಸೋತ ವಾಕ್ಯ ಓದಬೇಕಂತೆ. ಕೇಳಿಸದವರ ಮನೆಗಳ ವಿಚಾರ ಅಲ್ಲಿಗೆ ಮುಗಿಯಿತು, ಇನ್ನು ಅವರು ಯಾರೂ ಕಚೇರಿಗೆ ಬಂದು ಏನೂ ಕೇಳುವಂತಿಲ್ಲ. ಕೇಳಿಸಿದವರನ್ನು ಸಭಾಂಗಣಕ್ಕೆ ಕರೆದೊಯ್ದು ಮಂದಾಳ ಭಾಷಣದ ರೆಕಾರ್ಡು ಹಾಕಿ ಕೂರಿಸುವುದು, ಕೇಳಿಸುವುದು ನಿಲ್ಲುವವರೆಗೆ ಕೂರಿಸುವುದು. ನಂಜರಾಜ್ ಸ್ವತಃ ಜೊತೆಗೆ ಬಂದರು. ಸಭ್ಯ ಮನುಷ್ಯ. ದಾರಿಯಲ್ಲಿ ನನಗೆ ಬೆಲ್ಲದ ಕಾಫಿ ಕೊಡಿಸಿದರು. ನೀವೊಬ್ಬರು ಇಲ್ಲದಿದ್ದರೆ ಈ ಕೆಲಸ ಆಗುತ್ತಿರಲಿಲ್ಲ, ಊರಿನಲ್ಲಿ ಇದನ್ನು ಓದಬಲ್ಲವರು ಇನ್ನು ಯಾರಿದ್ದಾರೆ ಎಂದರು.

ಮೊದಲು ನಮ್ಮ ಮನೆ. ನನ್ನ ಮನೆಯ ಹೊಸ್ತಿಲಿನಾಚೆ ನಿಂತು ಬೀಸಣಿಗೆ ಎತ್ತಿ ಅಮ್ಮನಿಗೆ ಓದಿದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, "ಓದೋ ಬೇಗ, ಸಾರು ಉಕ್ಕುತ್ತೆ" ಎಂದಳು. ನಾನು ಓದಿ ಮುಗಿಸಿದ್ದೆ. ನಂಜರಾಜ್ ನಮಸ್ಕಾರ ಮಾಡಿ ಪಕ್ಕಕ್ಕೆ ತಿರುಗಿದರು.

ಜೈನಾಬಿ ತಮ್ಮ ಹೊಸ್ತಿಲಲ್ಲಿ ನಿಂತಿದ್ದರು. ಒಳಗೆ ಗೋಡೆಗೆ ಖಾಸಿಮರ ಪಂಪು, ಟ್ಯೂಬುಗಳು ಎಣ್ಣೆ ಹಚ್ಚಿ ತೂಗುಬಿಟ್ಟಿದ್ದು ಕಾಣುತ್ತಿತ್ತು. ಕೈ ಎತ್ತುತ್ತಾರೆ ಎಂದು ನನಗೆ ಗೊತ್ತಿತ್ತು. ಅವರು ಸುಳ್ಳು ಹೇಳಲು ಬಾರದ ಹೆಂಗಸು, ಗಂಡ ಬರುತ್ತಾನೆ ಎಂಬ ಮಾತಿಗೆ ಕೈ ಎತ್ತದೆ ನಿಲ್ಲುವುದು ಅವರಿಂದ ಈ ಜನ್ಮದಲ್ಲಿ ಆಗುವುದಲ್ಲ. ಬೀಸಣಿಗೆ ಎತ್ತುವಾಗ ನಂಜರಾಜರ ಮುಖ ನೋಡಿದೆ. ಅಂದು ಅವರು ಸಭೆಯ ಮೊದಲ ಸಾಲಿನಲ್ಲಿದ್ದವರು. ನಾನು ಆ ವಾಕ್ಯ ಓದಿದರೂ ಓದದಿದ್ದರೂ ಅವರಿಗೆ ಏನೂ ಕೇಳಿಸುವುದಿಲ್ಲ. ಅದು ಹೊಳೆದದ್ದೇ, ಬೀಸಣಿಗೆಯ ಹಿಂದೆ ಬಾಯಿ ಮುಚ್ಚಿಕೊಂಡು ಸುಮ್ಮನೆ ನಿಂತೆ.

ಜೈನಾಬಿ ಕಾದರು. ಕೈಯನ್ನು ಎದೆಯ ಹತ್ತಿರ ತಂದುಕೊಂಡು, ಕತ್ತು ಮುಂದೆ ಚಾಚಿ ಕಾದರು. ನಾನು ಬೀಸಣಿಗೆ ಇಳಿಸಿದೆ. "ಕೇಳಿಸ್ಲಿಲ್ಲ ಅಲ್ವೇನಮ್ಮ?" ಎಂದರು ನಂಜರಾಜ್.

ಜೈನಾಬಿ ನನ್ನನ್ನು ನೋಡಿದರು. "ಓದಿದ್ರಾ ಸೋಮು?"

ನಂಜರಾಜ್ ಪಕ್ಕದಲ್ಲೇ ನಿಂತಿದ್ದರು. "ಹೂಂ" ಎಂದೆ.

ಅವರ ಕೈ ನಿಧಾನವಾಗಿ ಕೆಳಗೆ ಬಂತು. ಬಾಗಿಲ ಚೌಕಟ್ಟು ಹಿಡಿದುಕೊಂಡರು. ಸಭೆಗೆ ಎಂದೂ ಬಂದವರಲ್ಲ, ಸುಮ್ಮನೆ ನಿಲ್ಲುವ ಪಟ್ಟು ಅವರಿಗೆ ತಿಳಿಯದು. ಸಂಜೆ ದೀಪದ ಹೊತ್ತಿಗೆ ಬಂದು 'ಬರ್ತಾರೆ' ಎಂದು ಒಂದು ಮಾತು ಹೇಳಿದರಾಯಿತು, ಕೇಳಿಸಿದ ಕೂಡಲೇ ಎಲ್ಲ ತಿಳಿಯುತ್ತದೆ, ನಕ್ಕುಬಿಡುತ್ತಾರೆ ಎಂದುಕೊಂಡು ನಂಜರಾಜರ ಹಿಂದೆ ನಡೆದೆ. ಉಳಿದ ಮನೆಗಳು ಊರಿನ ಆ ತುದಿಯಲ್ಲಿದ್ದವು. ಎಲ್ಲ ಕಡೆ ಓದಿದೆ. ಯಾರೂ ಕೈ ಎತ್ತಲಿಲ್ಲ. ಒಬ್ಬ ಮುದುಕಿ ನಮಗೆ ಕೂರಲು ಮಣೆ ಹಾಕಿ, ಮಗನ ದಿನದ ಅಡುಗೆಗೆ ಬರಬೇಕೆಂದು ಕರೆದಳು.

ಬಿಡಿಸಿಕೊಂಡು ಬರುವಾಗ ಬೀದಿಯಲ್ಲಿ ದೀಪ ಹಚ್ಚಿಯಾಗಿತ್ತು. ಜೈನಾಬಿಯ ಬಾಗಿಲಿಗೆ ಬೀಗ. ಮಧ್ಯಾಹ್ನದ ಬಸ್ಸಿಗೆ ಹೋದರು ಎಂದು ಅಮ್ಮ ಹೇಳಿದಳು. ಪಂಪು, ಟ್ಯೂಬು, ಸ್ಪ್ಯಾನರುಗಳನ್ನೆಲ್ಲ ತಂದು ನಮ್ಮ ಜಗಲಿಯ ಮೇಲೆ ಇಟ್ಟಿದ್ದರು, ಯಾರಿಗಾದರೂ ಕೊಡಿ ಎಂದರಂತೆ. ಯಾವ ಊರಿಗೆ ಎಂದು ಹೇಳಲಿಲ್ಲವಂತೆ. "ಏನೋ ಒಂಥರಾ ಇದ್ರು ಕಣೋ" ಎಂದಳು ಅಮ್ಮ. "'ನಂಗೂ ಹೋಗ್ಬಿಡ್ತು ಪುಟ್ಟತಾಯಮ್ಮ, ಗೊತ್ತೇ ಆಗದ ಹಾಗೆ ಹೋಗ್ಬಿಡ್ತು' ಅಂತ ನನ್ ಹತ್ರ ಅಂದ್ರು. ಏನು ಹೋಯ್ತು ಅಂದ್ರೆ ಹೇಳ್ಲಿಲ್ಲ."

ಬಾಯಿಬಿಟ್ಟು ಆ ಮಾತನ್ನು ತಾವೇ ಒಮ್ಮೆ ಹೇಳಿಕೊಂಡಿದ್ದರೆ ತಿಳಿಯುತ್ತಿತ್ತು. ತಮ್ಮ ದನಿ ತಮಗೆ ಕೇಳಿಸುತ್ತಿತ್ತು. ಆದರೆ ನಮ್ಮ ಊರಿನಲ್ಲಿ ಆ ಪರೀಕ್ಷೆಯನ್ನು ತಾವೇ ಮಾಡಿಕೊಳ್ಳುವ ಧೈರ್ಯ ಯಾರಿಗೂ ಇಲ್ಲ. ಬಸ್ ನಿಲ್ದಾಣಕ್ಕೆ ಹೋಗಿ ಕೇಳಿದೆ, ಮಾರನೆಯ ದಿನವೂ ಹೋಗಿ ಕೇಳಿದೆ. ಮಧ್ಯಾಹ್ನದ ಬಸ್ಸು ಹೋಗುವ ದಾರಿಯುದ್ದಕ್ಕೂ ಊರುಗಳಿವೆ ಎಂದು ಕಂಡಕ್ಟರ್ ಹೇಳಿದ. ಬುರ್ಖಾ ಹಾಕಿದ ಹೆಂಗಸರು ಪ್ರತಿ ಊರಿನಲ್ಲೂ ಇಳಿಯುತ್ತಾರೆ ಎಂದ.

ಅಮಾವಾಸ್ಯೆಯ ಬೆಳಿಗ್ಗೆ ಹೊಳೆಯ ದಂಡೆಯಲ್ಲಿ ಕೂತು ಪುರೋಹಿತರು ಹೇಳಿಕೊಟ್ಟ ಹಾಗೆ ಅಣ್ಣನ ಹೆಸರು ಹೇಳಿ ಎಳ್ಳುನೀರು ಬಿಟ್ಟೆ. ಸ್ವಲ್ಪ ದೂರದಲ್ಲಿ ಸೇತುವೆ ಕಾಣುತ್ತಿತ್ತು, ಅದರ ಮೇಲೆ ಸೈಕಲ್ಲುಗಳು ಹೋಗುತ್ತಿದ್ದವು. ಅಮ್ಮ ಒದ್ದೆ ಮೆಟ್ಟಿಲ ಮೇಲೆ ನಿಂತು ಕೈ ಮುಗಿದಳು. ಅವಳ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಅಪ್ಪ ಇದ್ದ ಕಾಲದಲ್ಲೂ ನೋಡಿರಲಿಲ್ಲ. ಮನೆಗೆ ಬಂದು ಊಟ ಮಾಡಿ ಮಲಗಿದಳು.

ಸಂಜೆ ನಾನು ಬಚ್ಚಲೊಲೆಯ ಬೂದಿ ತೆಗೆದು, ಸೌದೆ ಒಟ್ಟಿ, ಊದುಗೊಳವೆ ಹುಡುಕಿಕೊಂಡು ಬಂದು ಕೂತೆ. ಹೊಗೆಗೆ ಅಮ್ಮ ಎದ್ದು ಬಂದಳು.

"ಯಾರಿಗೋ ನೀರು?"

"ನಂಗೆ."

"ಬೆಳಿಗ್ಗೆ ಹೊಳೇಲಿ ಮುಳುಗಿದ್ದು ಸಾಲ್ದಾ?"

"ಮೈಕೈ ನೋವು" ಎಂದೆ.

ಆವತ್ತಿನಿಂದ ನನಗೆ ದಿನವೂ ಮೈಕೈ ನೋವು. ದೀಪದ ಹೊತ್ತಿಗೆ ಹಂಡೆ ತುಂಬಿ ನೀರು ಕಾಯಿಸುತ್ತೇನೆ. ಬಾಗಿಲ ಕಡೆ ಒಂದು ಕಿವಿಯಿಟ್ಟು ಸಾಧ್ಯವಾದಷ್ಟು ಹೊತ್ತು ಕಾಯುತ್ತೇನೆ. ಅಮ್ಮ ಊಟಕ್ಕೆ ಕರೆಯುವ ಮುಂಚೆ, ನೀರು ದಂಡವಾಗಬಾರದೆಂದು, ನಾನೇ ಬಚ್ಚಲ ಬಾಗಿಲು ಹಾಕಿಕೊಂಡು ಆ ನೀರು ಹುಯ್ದುಕೊಳ್ಳುತ್ತೇನೆ. ಎರಡು ಹೊತ್ತಿನ ಸ್ನಾನಕ್ಕೆ ಬೀದಿಯವರು ನನ್ನನ್ನು ಮಡಿ ಸೋಮು ಎಂದು ಕರೆಯತೊಡಗಿದ್ದಾರೆ. ಕೊನೆಯ ತಂಬಿಗೆ ಹುಯ್ದುಕೊಳ್ಳುವ ಮೊದಲು, ಒಲೆಯ ಚಟಪಟದ ಮರೆಯಲ್ಲಿ, ತುಟಿಗೆ ಏನನ್ನೂ ಅಡ್ಡ ಹಿಡಿಯದೆ ಆ ಸೋತ ವಾಕ್ಯವನ್ನು ಒಮ್ಮೆ ಹೇಳುತ್ತೇನೆ. ಹೇಳಿ ಮುಗಿಯುವ ತನಕ ನನ್ನ ದನಿ ನನಗೆ ಕೇಳಿಸುತ್ತದೋ ಇಲ್ಲವೋ ಗೊತ್ತಿರುವುದಿಲ್ಲ.

ಇವತ್ತು ಕೇಳಿಸಿತು.